ಪ್ರಶ್ನೆಗಳಿಲ್ಲದ ಅಧಿವೇಶನ

ಎಪ್ಪತ್ತೊಂದರ ಲೋಕಸಭಾ ಚುನಾವಣೆ ಮುಗಿದು ಎರಡು ತಿಂಗಳಾಗಿರಬೇಕು, ನನಗೆ ಚೆಂಬೂರಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕೆಲಸ ಕೊಟ್ಟವರು ಆಗಷ್ಟೇ ಆರಿಸಿ ಬಂದಿದ್ದ ಲೋಕಸಭಾ ಸದಸ್ಯರು. ಮರಾಠಿಯಲ್ಲಿ ಅಂಥವರನ್ನು ಖಾಸದಾರ ಎನ್ನುತ್ತಾರೆ. ನಾವೂ ಅವರನ್ನು ಖಾಸದಾರ ಸಾಹೇಬರು ಎಂದೇ ಕರೆಯುತ್ತಿದ್ದೆವು. ವಕೀಲರು, ಐವತ್ತರ ಆಸುಪಾಸಿನವರು, ಆಳುವ ಪಕ್ಷದವರು. ಮನೆಮಾತು ಮರಾಠಿಯಾದರೂ ಬೆಳಗಾವಿಯಲ್ಲಿ ಓದಿ ಬೆಳೆದಿದ್ದರಿಂದ ಕನ್ನಡ ಸರಾಗವಾಗಿ ಬರುತ್ತಿತ್ತು. ನನ್ನಿಂದ ಒಂದು ಪುಟ ಟೈಪ್ ಮಾಡಿಸಿ ನೋಡಿದ ಮೇಲೆ, "ಧಾರವಾಡದ ಕಡೆಯವರೇನು? ಛಲೋ ಆತು. ಇಲ್ಲಿ ನಮ್ಮ ಕಡೆ ಮಂದಿ ಭಾಳ ಬರ್ತಾರ, ಅವರ ಮಾತು ತಿಳಿಯೋರು ಒಬ್ಬರು ಬೇಕಾಗಿತ್ತು. ಸೋಮವಾರದಿಂದ ಬರ್ರಿ" ಎಂದರು.

ನನಗಾಗ ಇಪ್ಪತ್ತೆರಡು. ನಾವಿದ್ದದ್ದು ಕಾಂದಿವಲಿಯಲ್ಲಿ. ಅಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಬೆಳಿಗ್ಗೆ ಲೋಕಲ್ ಹಿಡಿದು ದಾದರಿನಲ್ಲಿ ಇಳಿಯಬೇಕು, ಸೇತುವೆ ದಾಟಿ ಇನ್ನೊಂದು ಲೈನಿನ ಗಾಡಿಯಲ್ಲಿ ಕುರ್ಲಾ ಸೇರಬೇಕು, ಅಲ್ಲಿಂದ ಮತ್ತೊಂದು ಗಾಡಿಯಲ್ಲಿ ಚೆಂಬೂರು. ಅವ್ವನಿಗೆ ಇದು ಹಿಡಿಸಿರಲಿಲ್ಲ. "ರಾಜಕಾರಣದವರ ಆಫೀಸಿನ್ಯಾಗ ಹೆಣ್ಣುಮಕ್ಕಳಿಗೇನು ಕೆಲಸ?" ಎಂದು ಗೊಣಗುತ್ತಿದ್ದಳು. ಅಪ್ಪ ಮಾತ್ರ, "ಆಕಿ ಬರದದ್ದು ದಿಲ್ಲಿಗೆ ಹೋಗ್ತದ, ನೀ ಸುಮ್ಮನಿರು" ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಇದನ್ನೇ ಹೇಳಿಕೊಂಡು ಬಂದಿದ್ದರು ಎಂದು ಆಮೇಲೆ ತಿಳಿಯಿತು.

ಆಫೀಸು ಎಂದರೆ ಹಳೆಯ ಬಿಲ್ಡಿಂಗಿನ ನೆಲಮಹಡಿಯ ಎರಡು ಕೋಣೆ. ಹೊರಕೋಣೆಯಲ್ಲಿ ಬೆಂಚು, ಅರ್ಜಿ ಹಿಡಿದು ಬಂದವರು. ಒಳಗೆ ಸಾಹೇಬರ ಮೇಜು, ಪಕ್ಕದಲ್ಲಿ ನನ್ನ ಟೈಪ್‌ರೈಟರ್. ಸದನ ಸೇರುವ ದಿನಗಳು ಹತ್ತಿರ ಬಂದ ಹಾಗೆ ನನ್ನ ಕೆಲಸ ಹೆಚ್ಚುತ್ತಿತ್ತು. ಸದಸ್ಯರು ಕೇಳುವ ಪ್ರಶ್ನೆಗಳನ್ನು ಅಚ್ಚಾದ ಫಾರಂನಲ್ಲಿ ಟೈಪ್ ಮಾಡಿ ಮೊದಲೇ ದಿಲ್ಲಿಗೆ ಕಳಿಸಬೇಕು. ಅಲ್ಲಿ ಚೀಟಿ ಎತ್ತಿ ಯಾರ ಪ್ರಶ್ನೆ ಮುಂದೆ, ಯಾರದು ಹಿಂದೆ ಎಂದು ನಿರ್ಧರಿಸುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. ಚುಕ್ಕೆ ಇಲ್ಲದಿದ್ದರೆ ಬರಹದಲ್ಲಿ ಕೊಟ್ಟು ಮುಗಿಸುತ್ತಾರೆ. ನಾನು ಟೈಪ್ ಮಾಡಿದ ವಾಕ್ಯ ದಿಲ್ಲಿಯ ಪಟ್ಟಿಯಲ್ಲಿ ಅಚ್ಚಾಗಿ ಮರಳಿ ಬಂದಾಗ ನನಗೆ ಆಗುತ್ತಿದ್ದ ಖುಷಿಯನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಅದನ್ನು ಎರಡು ಸಲ ಓದುತ್ತಿದ್ದೆ.

ಆ ಮೊದಲ ವರ್ಷಗಳಲ್ಲಿ ಸಾಹೇಬರು ನಿಜಕ್ಕೂ ದುಡಿಯುತ್ತಿದ್ದರು. ಸ್ವಂತ ಪಕ್ಷದ ಮಂತ್ರಿಗಳನ್ನೇ ಇಕ್ಕಟ್ಟಿಗೆ ಸಿಕ್ಕಿಸುವಂಥ ಪ್ರಶ್ನೆ ಹಾಕುತ್ತಿದ್ದರು. "ಐದು ವರ್ಷ ಅಂದ್ರ ಭಾಳ ಇಲ್ಲ ಬಾಯಿ, ನೋಡನೋಡ್ತ ಹೋಗಿಬಿಡ್ತಾವ" ಎಂದು ನನಗೆ ಹೇಳುತ್ತಿದ್ದರು. ಬಾಯಿ ಎಂದರೆ ಮರಾಠಿಯಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು.

ಎರಡನೆಯ ವರ್ಷ ಒಬ್ಬ ಮೇಸ್ತ್ರಿ ಬಂದರು. ವಿಜಾಪುರದ ಕಡೆಯ ಮುಸಲ್ಮಾನರು, ಗೌಂಡಿ ಕೆಲಸದಲ್ಲಿ ಕೈ ಪಳಗಿದವರು, ಬಿಳಿ ಗಡ್ಡ. ಅವರ ಹಿಂದೆ ಏಳೆಂಟು ಜನ. ರೈಲ್ವೆ ಹಳಿಯ ಆಚೆ, ನಾಲಾ ಎಂದು ಕರೆಯುವ ದೊಡ್ಡ ಚರಂಡಿಯ ಪಕ್ಕದಲ್ಲಿ ಝೋಪಡಿ ಹಾಕಿಕೊಂಡಿದ್ದವರು. ವಿಜಾಪುರ, ಕಲಬುರ್ಗಿ, ರಾಯಚೂರಿನಿಂದ ಬಂದ ಕೂಲಿಗಳೇ ಅಲ್ಲಿ ಹೆಚ್ಚು. ಸುತ್ತಲಿನ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ ಹೊತ್ತವರು ಅವರೇ.

"ಕುಡಿಯಾಕ ನೀರಿಲ್ರಿ ಬೇಟಿ" ಎಂದರು ಮೇಸ್ತ್ರಿ ನನಗೆ. "ನಮ್ಮ ಹೆಂಗಸ್ರು ಹಳಿ ದಾಟಿ ಆಚೆ ಹೋಗಿ ತರ್ತಾರ. ಹ್ವಾದ ತಿಂಗಳ ಒಬ್ಬಾಕಿ ಗಾಡಿಗೆ ಸಿಕ್ಕಳು. ಮುನ್ಸಿಪಾಲ್ಟಿಯವ್ರು ಜಾಗಾ ನಮ್ದಲ್ಲ ಅಂತಾರ. ಯಾರ್ದು ಅಂತ ಕೇಳಿದ್ರ ದಿಲ್ಲಿಯವ್ರದು ಅಂತಾರ. ದಿಲ್ಲಿಯವ್ರನ್ನ ನಾವೆಲ್ಲಿ ನೋಡೋಣ?"

ಆ ಜಾಗ ಕೇಂದ್ರ ಸರಕಾರದ ಒಂದು ಇಲಾಖೆಗೆ ಸೇರಿದ್ದು. ಸಾಹೇಬರು ಅರ್ಜಿ ಓದಿ, "ಕೇಂದ್ರದ್ದಾದ್ರ ನಾ ಸದನದಾಗ ಕೇಳಬಹುದು. ಆದ್ರ ಬರೇ ಭಾಳ ಮಂದಿ ಇದ್ದಾರ ಅಂದ್ರ ಮಂತ್ರಿ ಹಾರಿಸಿಬಿಡ್ತಾನ. ಮನಿಮನಿ ಹೆಸರು ಬೇಕು. ಯಾವ ಊರು, ಯಾವಾಗ ಬಂದ್ರು, ಏನ್ ಕೆಲಸ. ನೀವು ಹೋಗಿ ಬರಕೊಂಡ ಬರ್ತೀರೇನು ಬಾಯಿ?" ಎಂದರು.

ಮೂರು ಭಾನುವಾರ ಹೋದೆ. ಮೇಸ್ತ್ರಿ ಮುಂದೆ, ನಾನು ಹಿಂದೆ, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ತಗಡು, ಗೋಣಿತಟ್ಟು, ಡಾಂಬರಿನ ಡಬ್ಬಿ ಬಿಡಿಸಿ ಹೊಡೆದ ಗೋಡೆಗಳು. ಮೊದಮೊದಲು ಜನ ಹಿಂಜರಿಯುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಮುಖ ಸಡಿಲವಾಗುತ್ತಿತ್ತು. ಊರಿನ ಹೆಸರು ಕೇಳಿದರೆ ಪಕ್ಕದೂರಿನ ಹೆಸರೂ, ಅಲ್ಲಿಯ ಕೆರೆಯ ಹೆಸರೂ ಹೇಳುತ್ತಿದ್ದರು.

ನಡುಸಾಲಿನ ಒಂದು ಝೋಪಡಿಯಲ್ಲಿ ಮಾತ್ರ ಕೆಲಸ ಕೆಟ್ಟಿತು. ಅಲ್ಲಿದ್ದವಳು ಕಲ್ಲು ಒಡೆಯುವ ಕೆಲಸದ ಒಬ್ಬ ವಿಧವೆ. ನಲವತ್ತು ದಾಟಿರಲಿಕ್ಕಿಲ್ಲ. ಹಣೆಯ ಮೇಲೆ ಹಸಿರು ಹಚ್ಚೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ, "ನನ್ನ ಹೆಸರ ಬರೀಬ್ಯಾಡ ತಂಗಿ" ಎಂದಳು.

"ಯಾಕವ್ವಾ? ನಳ ಬರಬೇಕಂದ್ರ ಎಲ್ಲಾರ ಹೆಸರೂ ಬೇಕು."

"ನಳ ಬಂದ್ರ ಬರಲಿ. ಬರದ್ ಹೆಸರಿಗೆ ಹುಡುಕ್ಕೊಂಡ ಬರ್ತಾರ. ಬರೀದಿದ್ರ ಯಾರ್ ಬರ್ತಾರ?"

ಮೇಸ್ತ್ರಿ ನಕ್ಕು, "ಆಕಿ ಹಂಗs ಬೇಟಿ, ಬಿಡು" ಎಂದು ಮುಂದೆ ನಡೆದರು. ನಾನೂ ಬಿಟ್ಟೆ. ಮೂರನೆಯ ಭಾನುವಾರ ಮಧ್ಯಾಹ್ನವೇ ಮಳೆ ಹಿಡಿದುಕೊಂಡಿತು. ನಾಲಾದ ಅಂಚಿನ ಕೊನೆಯ ಸಾಲಿಗೆ ಹೋಗುವ ದಾರಿ ಕೆಸರಾಗಿ, ನಾನು ಅರ್ಧಕ್ಕೇ ವಾಪಸು ಬಂದೆ. ನಳಕ್ಕೆ ಇಷ್ಟು ಹೆಸರು ಸಾಕು ಎಂದುಕೊಂಡೆ.

ಪ್ರಶ್ನೆ ಹೋಯಿತು. ಮೊದಲ ಸಲ ಬಂದ ಉತ್ತರ: ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು. ಆ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ. ಸಾಹೇಬರು ಬಿಡಲಿಲ್ಲ. ಮುಂದಿನ ಅಧಿವೇಶನದಲ್ಲಿ ಮತ್ತೆ ಹಾಕಿದರು. ಅದೃಷ್ಟಕ್ಕೆ ಚುಕ್ಕೆ ಗುರುತಿನಲ್ಲಿ ಮೇಲೆಯೇ ಬಂತು. ಮಂತ್ರಿ ಅದೇ ಮಾತನ್ನು ಓದಲು ಎದ್ದಾಗ ಸಾಹೇಬರು ನಮ್ಮ ಪಟ್ಟಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಮಾಹಿತಿ ಇಲ್ಲಿದೆ, ಸಂಗ್ರಹಿಸುವ ಕಷ್ಟ ಬೇಡ ಎಂದರಂತೆ. ಸದನದಲ್ಲಿ ನಗೆಯೆದ್ದಿತಂತೆ. ಅವರು ಮರಳಿ ಬಂದು ಇದನ್ನು ಅಭಿನಯಿಸಿ ತೋರಿಸಿದರು. ಒಂದು ವರ್ಷದೊಳಗೆ ನಾಲಾದ ಈಚೆ ಎರಡು ನಳ ಬಂದವು. ಮೊದಲ ದಿನ ನೀರು ಬಿಟ್ಟಾಗ ಹೆಂಗಸರು ನನ್ನನ್ನು ಎಳೆದೊಯ್ದು ಮೊದಲ ಕೊಡ ನನ್ನಿಂದ ತುಂಬಿಸಿದರು. ಆ ವಿಧವೆಯೂ ಕೊಡ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಸಣ್ಣಗೆ ನಕ್ಕಳು.

ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ. ಆಮೇಲೆ ನಡೆದದ್ದಕ್ಕೆ ಆ ಹೆಮ್ಮೆಯೂ ಒಂದು ಕಾರಣವಾಯಿತೇನೋ. ಪಟ್ಟಿ ಎಂದರೆ ಒಳ್ಳೆಯದೇ ಎಂದು ನಾನು ನಂಬಿಬಿಟ್ಟಿದ್ದೆ.

ಎಪ್ಪತ್ತೈದರ ಜೂನ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಬಂತು. ಆ ಬೆಳಿಗ್ಗೆ ಲೋಕಲ್‌ನಲ್ಲಿ ಪೇಪರ್ ಓದುವವರು ಗಟ್ಟಿಯಾಗಿ ಓದುತ್ತಿರಲಿಲ್ಲ, ಅದಷ್ಟೇ ನೆನಪು. ಆಫೀಸಿನ ಬೆಂಚಿನ ಮೇಲೆ ಒಬ್ಬರೂ ಇರಲಿಲ್ಲ. ಸಾಹೇಬರು ಆಗಷ್ಟೇ ಫೋನು ಕೆಳಗಿಟ್ಟಿದ್ದರು. ಅವರ ಜೊತೆ ಸದನದಲ್ಲಿ ವಾದ ಮಾಡುತ್ತಿದ್ದ, ಸಂಜೆ ಅವರೊಡನೆಯೇ ಕೂತು ಚಹಾ ಕುಡಿಯುತ್ತಿದ್ದ ವಿರೋಧ ಪಕ್ಷದ ಹಲವರನ್ನು ಹಿಡಿದು ಒಳಗೆ ಹಾಕಿದ್ದರು.

ಜುಲೈಯಲ್ಲಿ ಅಧಿವೇಶನ ಕರೆದರು. ನಾನು ಎಂದಿನಂತೆ ಪ್ರಶ್ನೆಗಳ ಕಟ್ಟು ಸಿದ್ಧ ಮಾಡಿ ಮೇಜಿನ ಮೇಲಿಟ್ಟೆ. ಸಾಹೇಬರು ಅದನ್ನು ಮುಟ್ಟಲಿಲ್ಲ.

"ಈ ಸಲ ಪ್ರಶ್ನೆ ಇಲ್ಲ ಬಾಯಿ."

"ಕಡಿಮಿ ಮಾಡಬೇಕೇನ್ರಿ?"

"ಕಡಿಮಿ ಅಲ್ಲ. ಪ್ರಶ್ನೆ ಕೇಳೋ ವೇಳೆನs ಇಲ್ಲ. ಬರೇ ಸರಕಾರದ ಕೆಲಸ ಅಷ್ಟs. ನಾವು ಹೋಗೋದು, ಕೂಡೋದು, ಕೈ ಎತ್ತೋದು."

ನಾನು ಕಟ್ಟನ್ನು ಕಪಾಟಿನೊಳಗೆ ಇಟ್ಟೆ. ಆ ತಿಂಗಳು ನಾನು ಟೈಪ್ ಮಾಡಿದ್ದು ಅಭಿನಂದನೆಯ ಪತ್ರಗಳನ್ನು. ಮುಂದಿನ ವರ್ಷದ ಆರಂಭದಲ್ಲಿ ಆ ಲೋಕಸಭೆಯ ಐದು ವರ್ಷ ಮುಗಿಯಬೇಕಿತ್ತು. ಅದರ ಅವಧಿಯನ್ನು ಇನ್ನೊಂದು ವರ್ಷ ಬೆಳೆಸಿದರು. ದಿಲ್ಲಿಯಿಂದ ಬಂದ ದಿನ ಸಾಹೇಬರು ಕೋಟು ಬಿಚ್ಚುತ್ತ, "ಮಂದಿ ನನ್ನ ಐದು ವರ್ಷಕ್ಕ ಕಳಿಸಿದ್ರು. ಆರನೇದ್ದು ನನಗ ನಾನs ಕೊಟ್ಕೊಂಡೆ" ಎಂದರು. ಕೈ ಎತ್ತದೆ ಇರಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಕೇಳದಿರುವ ಅಭ್ಯಾಸ ನನಗೂ ಆಗಿತ್ತು.

ಕೆಲವು ದಿನಗಳ ನಂತರ ಒಬ್ಬ ಅಧಿಕಾರಿ ಬಂದರು. ಮಾತು ಮೆದು, ಇಸ್ತ್ರಿ ಮಾಡಿದ ಸಫಾರಿ. ನಾಲಾದ ಪಕ್ಕದ ಜಾಗ ತೆರವು ಮಾಡಬೇಕಾಗಿದೆ, ಹಳೆಯ ವಾಸಿಗಳಿಗೆ ಬೇರೆ ಕಡೆ ಜಾಗ ಕೊಡುತ್ತೇವೆ, ಯಾರು ಹಳಬರು ಎಂಬುದಕ್ಕೆ ಆಧಾರ ಬೇಕು, ಸದನದಲ್ಲಿ ತೋರಿಸಿದ ಪಟ್ಟಿ ನಿಮ್ಮ ಬಳಿ ಇದೆಯಂತಲ್ಲ ಎಂದರು. ಸಾಹೇಬರು ನನ್ನ ಕಡೆ ನೋಡಿದರು. ಅಧಿಕಾರಿ ಹೋದ ಮೇಲೆ, "ಒಂದು ಶುದ್ಧ ಪ್ರತಿ ಮಾಡ್ರಿ, ನಾ ಸಹಿ ಮಾಡಿ ಕೊಡ್ತೀನಿ" ಎಂದರು.

"ನಳಕ್ಕಂತ ಬರಕೊಂಡ ಬಂದದ್ರಿ ಅದು" ಎಂದೆ.

"ಗೊತ್ತದ. ಕೊಡದಿದ್ರ ಅವರು ಬಿಡ್ತಾರ ಅನಕೊಂಡೀರೇನು? ಕೊಟ್ರ ಜಾಗಾ ಆದ್ರೂ ಸಿಗ್ತದ."

ಅದು ಸುಳ್ಳೂ ಆಗಿರಲಿಲ್ಲ. ನಾನು ಆ ಸಂಜೆಯೇ ಮೇಸ್ತ್ರಿಯವರಿಗೆ ಹೇಳಿ ಕಳಿಸಿದೆ. ಅವರು ಮರುದಿನ ಬಂದು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಕೊನೀ ಸಾಲಿನವ್ರ ಹೆಸರ ಅದರಾಗ ಇಲ್ಲಲ್ಲ ಬೇಟಿ. ಆ ದಿನ ಮಳಿ ಬಂತು."

"ಇಲ್ಲ ಚಾಚಾ."

"ನಮಗಿಂತ ಮದ್ಲ ಬಂದವ್ರು ಅವ್ರು. ಸೇರಿಸಾಕ ಬರ್ತೈತೇನು?"

ಸಾಹೇಬರನ್ನು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, "ಅವತ್ತು ಬರದದ್ದು ಅವತ್ತು. ಈಗ ತಿದ್ದಿದ್ದು ಗೊತ್ತಾದ್ರ ನನಗೂ ತ್ರಾಸು, ನಿಮಗೂ ತ್ರಾಸು. ಈಗಿನ ದಿನಮಾನ ಎಂಥಾವು ಅವ ಅಂತ ನಿಮಗ ಗೊತ್ತಿಲ್ಲೇನು?" ಎಂದರು. ನಾನು ನನ್ನ ಕುರ್ಚಿಗೆ ಬಂದೆ.

ಅಂದು ಮಧ್ಯಾಹ್ನ ಅವರು ಕೋರ್ಟಿಗೆ ಹೋದಾಗ ಮೇಸ್ತ್ರಿ ನನ್ನೆದುರು ಕೂತು ಒಂದೊಂದೇ ಹೆಸರು ಹೇಳಿದರು. ಉಳಿದ ಪುಟಗಳ ಶುದ್ಧ ಪ್ರತಿ ಆಗಲೇ ಆಗಿತ್ತು; ಈ ಹೆಸರುಗಳನ್ನು ಸೇರಿಸಿ ಕೊನೆಯ ಪುಟವನ್ನು ಹೊಸದಾಗಿ ಟೈಪ್ ಮಾಡಿದೆ. ಅಕ್ಷರ ತಪ್ಪುತ್ತಿದ್ದವು. ಯಾರಾದರೂ ಒಳಗೆ ಬಂದರೆ ಏನು ಹೇಳಬೇಕೆಂದೇ ಯೋಚಿಸುತ್ತಿದ್ದೆ. ಮುಗಿದ ಮೇಲೆ ಆ ಪುಟವನ್ನು ಉಳಿದವುಗಳ ಕೆಳಗಿಟ್ಟು, ಸಂಜೆ ಸಹಿಗೆ ಕೊಟ್ಟೆ.

ಸಾಹೇಬರು ಪ್ರತಿ ಪುಟವನ್ನೂ ಓದಿದರು. ಕೊನೆಯದಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿದರು.

"ಈ ಪುಟ ಕಪ್ಪಗ ಕಾಣ್ತದ. ರಿಬ್ಬನ್ ಬದಲಿ ಮಾಡೀರೇನು?"

"ಹೌದ್ರಿ."

ಅವರು ಕಾಗದಗಳನ್ನು ನನ್ನ ಕಡೆ ತಳ್ಳಿದರು. "ಎಲ್ಲಾ ಪುಟನೂ ಹೊಸಾ ರಿಬ್ಬನ್‌ನಾಗ ಹೊಡ್ರಿ. ಒಂದs ನಮೂನಿ ಕಾಣಬೇಕು. ನಾಳೆ ಸಹಿ ಮಾಡ್ತೀನಿ."

ಮಾಡಿದರು. ಆ ವಿಷಯ ನಾವು ಮತ್ತೆಂದೂ ಮಾತಾಡಲಿಲ್ಲ. ಸದನದಲ್ಲಿ ಬಾಯಿ ಬಿಡದ ಆ ವರ್ಷಗಳಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅದೇ ಎಂದು ನನಗೆ ಅನಿಸುತ್ತದೆ. ಅದನ್ನು ಯಾವ ದಾಖಲೆಯೂ ಹೇಳುವುದಿಲ್ಲ.

ಆದರೆ ಕೊನೆಯ ಸಾಲಿನ ಗಡಿಬಿಡಿಯಲ್ಲಿ ನಡುಸಾಲಿನ ಆ ವಿಧವೆಯನ್ನು ನಾನು ಮರೆತೆ. ಮೇಸ್ತ್ರಿಯೂ ಮರೆತರು. ಎಲ್ಲ ಪುಟ ಮತ್ತೆ ಹೊಡೆಯುವಾಗ ಅವಳ ಅಕ್ಕಪಕ್ಕದ ಮನೆಯವರ ಹೆಸರನ್ನು ನನ್ನ ಬೆರಳುಗಳೇ ಹೊಡೆದವು. ನಡುವೆ ಒಂದು ಮನೆ ಬಿಟ್ಟುಹೋಗಿದೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ತೆರವಿನ ದಿನ. ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ, ಹತ್ತು ಗಂಟೆಗೆ ಅಲ್ಲಿಗೆ ಹೋದೆ. ಲಾರಿಗಳು ಸಾಲಾಗಿ ನಿಂತಿದ್ದವು, ಪೊಲೀಸರಿದ್ದರು. ಗದ್ದಲವೇನೂ ಇರಲಿಲ್ಲ, ಜನ ತಮ್ಮ ತಗಡುಗಳನ್ನು ತಾವೇ ಬಿಚ್ಚಿ ಕಟ್ಟುತ್ತಿದ್ದರು. ಒಬ್ಬ ಗುಮಾಸ್ತ ಮೇಜು ಹಾಕಿಕೊಂಡು ನಾನು ಟೈಪ್ ಮಾಡಿದ ಪಟ್ಟಿಯಿಂದ ಹೆಸರು ಕೂಗುತ್ತಿದ್ದ. ಹೆಸರು ಬಂದವರು ಒಂದು ಚೀಟಿ ಪಡೆದು ಲಾರಿ ಹತ್ತುತ್ತಿದ್ದರು. ಕೊನೆಯ ಸಾಲಿನವರ ಹೆಸರುಗಳೂ ಬಂದವು. ಆ ಸಮಾಧಾನದಲ್ಲಿ ತಿರುಗಿದರೆ, ಅವಳು ಮಡಚಿದ ತಗಡಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಸುತ್ತಿಗೆ ಮತ್ತು ಒಂದು ಕೊಡ.

ಗುಮಾಸ್ತನ ಬಳಿ ಓಡಿದೆ, ಖಾಸದಾರರ ಆಫೀಸಿನವಳು ಎಂದೆ, ಇವಳು ಮೊದಲಿನಿಂದ ಇಲ್ಲಿದ್ದವಳು ಎಂದೆ. ಅವನು ಪಟ್ಟಿಯ ಮೇಲೆ ಬೆರಳಾಡಿಸಿ ತೋರಿಸಿದ. ಇಲ್ಲವೆಂದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಮೇಸ್ತ್ರಿ ತಮ್ಮ ಲಾರಿಯಿಂದ ಇಳಿದು ಬಂದರು. "ನನ್ನ ತಂಗಿ ಆಗ್ಬೇಕು ಸಾಬ್, ನನ್ನ ಚೀಟಿ ಮ್ಯಾಲ ಬರ್ತಾಳ" ಎಂದು ಹಿಂದಿಯಲ್ಲಿ, ಕನ್ನಡದಲ್ಲಿ ಎರಡರಲ್ಲೂ ಹೇಳಿದರು. ಗುಮಾಸ್ತ ಅವರ ಗಡ್ಡ ನೋಡಿದ, ಅವಳ ಹಣೆಯ ಹಚ್ಚೆ ನೋಡಿದ.

"ನಿನ್ನ ತಂಗಿ ಹೆಂಗಾದಳು?" ಎಂದು ಕೇಳಿದ.

"ಒಂದs ಊರಿನವ್ರು" ಎಂದರು ಮೇಸ್ತ್ರಿ.

ಅವನು ಒಪ್ಪಲಿಲ್ಲ. ಲಾರಿ ಹೊರಟಿತು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ.

"ನಾನs ಬ್ಯಾಡ ಅಂದಿದ್ದೆ ತಂಗಿ. ನಿಂದೇನ ತಪ್ಪಿಲ್ಲ" ಎಂದಳು. ತಗಡನ್ನು ತಲೆಯ ಮೇಲೆ ಇಡಲು ಕೈ ಕೊಡು ಎಂದಳು. ಕೊಟ್ಟೆ. ಹಳಿಯ ಪಕ್ಕದಲ್ಲಿ ಕುರ್ಲಾದ ಕಡೆ ನಡೆದು ಹೋದಳು. ಅವಳು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಎಪ್ಪತ್ತೇಳರಲ್ಲಿ ಕೊನೆಗೂ ಚುನಾವಣೆ ಬಂತು. ಮತದಾನದ ದಿನ ಮೇಸ್ತ್ರಿ, ಇನ್ನೂ ಕೆಲವರು ದೂರದ ಹೊಸ ಜಾಗದಿಂದ ಹಳೆಯ ಮತಗಟ್ಟೆಗೇ ಬಂದಿದ್ದರು. ಹಳೆಯ ವಿಳಾಸ ಇಲ್ಲವೆಂದು ಅಲ್ಲಿ ಅವರ ಹೆಸರು ತೆಗೆದಿದ್ದರು. ಹೊಸ ಜಾಗದಲ್ಲಿ ಇನ್ನೂ ಸೇರಿಸಿರಲಿಲ್ಲ. ಮತ ಹಾಕದೆ ಮರಳಿದರು. ಸಾಹೇಬರಿಗೆ ಇದನ್ನು ಹೇಳಿದಾಗ, "ಹಾಕಿದ್ರೂ ನನಗ ಹಾಕ್ತಿದ್ದಿಲ್ಲ ಬಿಡ್ರಿ. ಹಾಕಲೂ ಬಾರದು" ಎಂದರು. ಅವರು ಸೋತರು. ದೊಡ್ಡ ಅಂತರದಲ್ಲಿಯೇ ಸೋತರು. ಎಣಿಕೆ ಮುಗಿದ ಮರುದಿನ ಆಫೀಸಿಗೆ ಬಂದು, ಫೈಲುಗಳನ್ನು ತಾವೇ ಕಟ್ಟಿದರು. ನನಗೆ ಒಂದು ಒಳ್ಳೆಯ ಶಿಫಾರಸು ಪತ್ರವನ್ನು ಕೈಬರಹದಲ್ಲಿ ಬರೆದುಕೊಟ್ಟು, "ಇದನ್ನ ನಿಮ್ಮ ಕೈಲೆ ಟೈಪ್ ಮಾಡಸೋದು ಬ್ಯಾಡ ಅನಿಸ್ತು" ಎಂದರು.

ನನಗೆ ಕಾಂದಿವಲಿಯಲ್ಲೇ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮನೆಯಿಂದ ನಡೆದು ಹೋಗುವಷ್ಟು ದೂರ. ಅವ್ವನಿಗೆ ಸಂತೋಷವಾಯಿತು. ಅಪ್ಪ ಕಾರ್ಖಾನೆಯಲ್ಲಿ ಏನು ಹೇಳಿದರೋ ತಿಳಿಯದು.

ಮರುವರ್ಷ ಒಂದು ಸಂಜೆ, ಸಾಮಾನು ಕೊಳ್ಳಲೆಂದು ದಾದರಿಗೆ ಹೋಗಿದ್ದವಳಿಗೆ ಸೇತುವೆಯ ಮೇಲೆ ಮೇಸ್ತ್ರಿ ಸಿಕ್ಕರು. ಮೈ ಇಳಿದುಹೋಗಿತ್ತು. ಸ್ಟೇಷನ್ನಿನ ಹೊರಗೆ ಚಹಾ ಕುಡಿದೆವು. ಹೊಸ ಜಾಗದಲ್ಲಿ ಸಮುದ್ರಕ್ಕೆ ಭರತ ಬಂದಾಗ ಖಾಡಿಯ ಉಪ್ಪುನೀರು ಮನೆಯೊಳಗೇ ಬರುತ್ತದೆ, ಕುಡಿಯುವ ನೀರು ಮಾತ್ರ ಇಲ್ಲ ಎಂದರು. ನಾನು ಆ ವಿಧವೆಯನ್ನು ಕೇಳಿದೆ.

"ಹುಡುಕಿ ಕರ್ಕೊಂಡ ಬಂದಿದ್ದೆ ಬೇಟಿ. ನಮ್ಮ ಝೋಪಡಿ ಬಾಜೂಕ ಒಂದ್ ಮೂಲಿ ಕೊಟ್ಟಿದ್ದೆ. ನಾಕ್ ತಿಂಗಳ ಇದ್ದಳು. ಆಮ್ಯಾಲ ಯಾವ್ದೋ ರಸ್ತಾ ಕೆಲಸದ ಟೋಳಿ ಕೂಡ ಹ್ವಾದಳು. ಎಲ್ಲಿ ಅಂತ ಹೇಳ್ಲಿಲ್ಲ."

ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಹೊಸಾ ಖಾಸದಾರರಿಗೆ ಒಂದ್ ಅರ್ಜಿ ಬರೀಬೇಕಾಗಿತ್ತು. ಇಂಗ್ಲಿಷಿನ್ಯಾಗ. ನೀ ಬರದ್ರ ಛಲೋ ಇರ್ತೈತಿ. ಬರೋ ಐತವಾರ ಇಲ್ಲೇ ಬರ್ಲೇನು?"

ಬನ್ನಿ ಚಾಚಾ ಎಂದೆ. ಹನ್ನೊಂದು ಗಂಟೆ ಎಂದೂ ಹೇಳಿದೆ.

ಆ ಭಾನುವಾರ ನಾನು ಹೋಗಲಿಲ್ಲ. ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದರು, ಗಾಡಿಗಳೂ ಓಡುತ್ತಿದ್ದವು. ಸೀರೆ ಉಟ್ಟು ತಯಾರಾಗಿದ್ದೆ ಕೂಡ. ಅರ್ಜಿ ಬರೆದರೆ ಅವರ ಹೊಸ ಜಾಗಕ್ಕೆ ಹೋಗಿ ಮತ್ತೆ ಮನೆಮನೆ ಹೆಸರು ಕೇಳಬೇಕಾದೀತು ಎಂಬ ಯೋಚನೆ ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ಹನ್ನೆರಡಾಯಿತು. ಅವ್ವ ಊಟಕ್ಕೆ ಕರೆದಳು. ಮೇಸ್ತ್ರಿಯವರು ಎಷ್ಟು ಹೊತ್ತು ಕಾದರೋ ನನಗೆ ಗೊತ್ತಿಲ್ಲ. ಅವರನ್ನು ಮತ್ತೆ ನೋಡಲಿಲ್ಲ.